ವಿಡಿಯೊ ಕರೆಯಲ್ಲಿ ಮನೋಚಿಕಿತ್ಸೆ ಸಾಕೇ?

ಪ್ರಶ್ನೆ: ನನಗೆ 34 ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಳೆದ ವರ್ಷ ತಾಯಿ ತೀರಿಕೊಂಡಂದಿನಿಂದ ನಿದ್ರೆ ಸರಿಯಿಲ್ಲ; ಪಾಠ ಮಾಡುತ್ತಿರುವಾಗಲೇ ಎದೆ ಡವಡವ ಎಂದು ಹೊಡೆದುಕೊಂಡು ಕೈ ಬೆವರುತ್ತದೆ. ಹೃದಯದ ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ. ಇದು ಆತಂಕದ ತೊಂದರೆ, ಥೆರಪಿ ಪಡೆಯಿರಿ ಎಂದು ವೈದ್ಯರು ತಿಳಿಸಿದ್ದಾರೆ. ವಾರವಾರ ಬೆಂಗಳೂರಿಗೆ ಹೋಗಿಬರಲು ರಜೆ ಸಿಗದು. ವಿಡಿಯೊ ಕರೆಯ ಚಿಕಿತ್ಸೆ ಎದುರು ಕುಳಿತು ಪಡೆಯುವಷ್ಟೇ ಫಲ ಕೊಡುತ್ತದೆಯೇ? ನಮ್ಮದು ಅತ್ತೆ, ಮಾವ, ಮೈದುನರಿರುವ ಕೂಡುಕುಟುಂಬ.

ಉತ್ತರ: ನಿಮ್ಮಂಥ ಆತಂಕಕ್ಕೂ, ತೀವ್ರವಲ್ಲದ ಖಿನ್ನತೆಗೂ ವಿಡಿಯೊ ಮೂಲಕ ಕ್ರಮಬದ್ಧವಾಗಿ ನೀಡುವ ಸಿಬಿಟಿ, ಅಂದರೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳುವ ಚಿಕಿತ್ಸೆ, ಎದುರು ಕುಳಿತು ನೀಡುವುದಕ್ಕೆ ಹೆಚ್ಚುಕಡಿಮೆ ಸಮನಾದ ಫಲವನ್ನೇ ಕೊಡುತ್ತದೆಂದು ಅಧ್ಯಯನಗಳು ತೋರಿಸಿವೆ. ಎದೆ ಹೊಡೆದುಕೊಂಡ ಗಳಿಗೆಯಲ್ಲಿ ಮನಸ್ಸಿಗೆ ಬಂದದ್ದನ್ನು ಬರೆದಿಡುವುದು, ತಪ್ಪಿಸಿಕೊಳ್ಳಬೇಕೆನಿಸುವ ಸಂದರ್ಭವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು ಮೊದಲಾದ ಅದರ ಬಹುಪಾಲು ಕೆಲಸ ನಡೆಯುವುದೇ ನಿಮ್ಮ ತರಗತಿಯಲ್ಲಿ, ನಿಮ್ಮ ಮನೆಯಲ್ಲಿ.

ಆದರೆ ನಿಮ್ಮ ಪತ್ರದ ಕೊನೆಯ ವಾಕ್ಯವೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ವಿಡಿಯೊ ಕರೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ: ಕಣ್ತುಂಬಿ ಮಾತನಾಡುತ್ತಿದ್ದ ಹೆಣ್ಣುಮಗಳು ಬಾಗಿಲಾಚೆ ಹೆಜ್ಜೆಸಪ್ಪಳ ಕೇಳಿದೊಡನೆ ದನಿ ಬದಲಿಸಿ, "ಹೂಂ, ಊಟ ಆಯ್ತು ಮೇಡಂ" ಎನ್ನುತ್ತಾರೆ. ಆ ದಿನದ ಚಿಕಿತ್ಸೆ ಅಲ್ಲಿಗೇ ಮುಗಿದಂತೆ. ದನಿ ತಗ್ಗಿಸದೆ ಅಳಲು ನಿಮಗೊಂದು ಜಾಗ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಮನೆಯಲ್ಲಿ ಆಗದಿದ್ದರೆ, ಮಕ್ಕಳು ಹೊರಟ ಮೇಲೆ ಮುಖ್ಯಶಿಕ್ಷಕರನ್ನು ಕೇಳಿ ಶಾಲೆಯ ಖಾಲಿ ಕೊಠಡಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂರಬಹುದು. ಮಾವಿನ ತೋಪಿನಲ್ಲಿ ಕುಳಿತು ಮಾತನಾಡುವವರಿದ್ದಾರೆ. ಕೊಯ್ಲಿನ ದಿನಗಳಲ್ಲಿ ಅಲ್ಲಿಯೂ ಏಕಾಂತ ಸಿಗುವುದಿಲ್ಲ.

ಇನ್ನೊಂದು ಕೊರತೆಯೂ ಇದೆ. ಕ್ಯಾಮೆರಾದಲ್ಲಿ ಕಾಣುವುದು ಕತ್ತಿನ ಮೇಲಿನ ಭಾಗ ಮಾತ್ರ. ತಾಯಿಯ ಹೆಸರು ಬಂದಾಗ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವ ಕೈ ಚಿಕಿತ್ಸಕರಿಗೆ ಕಾಣುವುದಿಲ್ಲ. ಎದುರೆದುರು ಕುಳಿತಾಗ ಇಬ್ಬರೂ ಸುಮ್ಮನಿರಬಹುದಾದ ಹೊತ್ತು, ಪರದೆಯ ಮೇಲೆ "ಕೇಳಿಸ್ತಿದೆಯಾ?" ಎಂಬ ಪ್ರಶ್ನೆಯಿಂದ ಒಡೆದುಹೋಗುತ್ತದೆ. ನಿಮ್ಮ ಆತಂಕದ ಹಿಂದೆ ತಾಯಿಯ ಸಾವಿನ ದುಃಖವಿರುವುದರಿಂದ ಆ ಮೌನ ಮುಖ್ಯವೆಂದು ನಾನು ಭಾವಿಸುತ್ತೇನೆ. ಹಾಗಾಗಿ ಮೊದಲ ಎರಡು ಮೂರು ಭೇಟಿಗಳನ್ನು ಎದುರಿಗೇ ಮಾಡಿ, ಬಳಿಕ ವಿಡಿಯೊಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಶಿಬಿರ ಯಾವಾಗ ಎಂದೂ ಕೇಳಿ.

ಆನ್‌ಲೈನ್‌ನಲ್ಲಿ ಆಯ್ಕೆ ಮಾಡುವಾಗ, ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತಿನ ಮೂಲಕ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞ) ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮಾತ್ರೆ ಬೇಕಾದರೆ ಅದನ್ನು ಮನೋವೈದ್ಯರು ಅಥವಾ ಬೇರೆ ವೈದ್ಯರೇ ಬರೆಯಬೇಕು.

ಜೀವ ಬೇಡವೆನ್ನುವ ಯೋಚನೆ ಬಂದರೆ ವಿಡಿಯೊ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿದ್ದು, ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಪತಿಗೆ ವಿಷಯವನ್ನು ಮೊದಲೇ ತಿಳಿಸಿ. ಮನೆಯಿಂದಲೇ ಮಾತನಾಡಬೇಕಾಗಿ ಬಂದ ದಿನ, ಸುಮಾರು 50 ನಿಮಿಷ ಬಾಗಿಲ ಬಳಿ ಯಾರೂ ಸುಳಿಯದಂತೆ ನೋಡಿಕೊಳ್ಳುವ ಹೊಣೆಯನ್ನು ಅವರಿಗೇ ವಹಿಸಿ.