ಭೂಕಾಂತೀಯ ಬಿರುಗಾಳಿ ನಿಂತ ಮರುದಿನವೇ ಅಯಾನುಗೋಳ ಏಕೆ ಸರಿಹೋಗುವುದಿಲ್ಲ?

ಅಯಾನುಗೋಳವೆಂದರೆ ಬಿಸಿಲು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಅಯಾನುಗಳನ್ನು, ಅಂದರೆ ವಿದ್ಯುದಾವೇಶದ ಕಣಗಳನ್ನು, ಹುಟ್ಟಿಸುವ ಮೇಲ್ವಾತಾವರಣದ ಪದರ. ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವ ಭೂಕಾಂತೀಯ ಬಿರುಗಾಳಿಯಲ್ಲಿ ಕೆಡುವುದು ಅಯಾನುಗಳಷ್ಟೇ ಅಲ್ಲ, ಅವು ಹುಟ್ಟುವ ಗಾಳಿಯ ಮಿಶ್ರಣವೂ ಕೆಡುತ್ತದೆ. ಆದ್ದರಿಂದ ಮರುದಿನದ ಬಿಸಿಲು ಮಾತ್ರ ಸಾಲದು, ಚೇತರಿಕೆಗೆ ಒಂದರಿಂದ ಕೆಲವು ದಿನಗಳು ಹಿಡಿಯುತ್ತವೆ.

ಬಿರುಗಾಳಿಯು ಧ್ರುವಗಳ ಬಳಿಯ ಮೇಲ್ವಾತಾವರಣವನ್ನು ಕಾಯಿಸಿದಾಗ ಸಾರಜನಕದ ಅಣುಗಳು ಹೆಚ್ಚಿರುವ ಗಾಳಿ ಕೆಳಗಿನಿಂದ ಮೇಲೆದ್ದು, ಸಮಭಾಜಕದ ಕಡೆಗೆ ಹರಡುತ್ತದೆ. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳಿಂದ ಬಿಸಿಲು ಬಿಡಿಸಿದ ಎಲೆಕ್ಟ್ರಾನುಗಳು ಈ ಅಣುಗಳು ಹೆಚ್ಚಿದಷ್ಟೂ ಬೇಗ ಮಾಯವಾಗುತ್ತವೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗದ ನೀರು ತುಂಬುವ ಮಣ್ಣಿನ ಕೆರೆಯನ್ನು ನೆನೆಯಿರಿ: ಒಳಹರಿವು ಅಷ್ಟೇ ಇದ್ದರೂ ತಳದ ಬಿರುಕು ಅಗಲವಾದರೆ ನೀರಿನ ಮಟ್ಟ ಏರದು.

ಬಿರುಕು ಮುಚ್ಚುವುದು ಗಾಳಿ ತಣಿದಾಗ. ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಅವಕೆಂಪು ಕಿರಣಗಳಾಗಿ ಹೊರಗೆ ಚೆಲ್ಲುತ್ತವೆ, ಗಾಳಿಯ ಚಲನೆ ಎಂದಿನ ದಾರಿಗೆ ಮರಳುತ್ತದೆ, ಆಮ್ಲಜನಕದ ಪಾಲು ಮತ್ತೆ ಹೆಚ್ಚುತ್ತದೆ. ಸ್ವಾರಸ್ಯವೆಂದರೆ ಆ ನೈಟ್ರಿಕ್ ಆಕ್ಸೈಡನ್ನು ಬಿರುಗಾಳಿಯೇ ಹೆಚ್ಚಿಸಿರುತ್ತದೆ. ಹಾಗಾಗಿ ಕೆಲವೊಮ್ಮೆ ಮೇಲ್ವಾತಾವರಣ ಮೊದಲಿಗಿಂತಲೂ ಹೆಚ್ಚು ತಣ್ಣಗಾಗುವುದುಂಟು.

ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆಯಾದ ಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಕಾಸರಗೋಡಿನ ಆಕಾಶದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ದಿಕ್ಕುಗೆಟ್ಟ ಗಾಳಿಗಳು ಹುಟ್ಟಿಸುವ ವಿದ್ಯುತ್ ಕ್ಷೇತ್ರಗಳು ಒಂದೆರಡು ದಿನ ಉಳಿದು, ಹಗಲಿನಲ್ಲಿ ಎಲೆಕ್ಟ್ರಾನುಗಳು ಮೇಲೇರುವುದನ್ನು ತಗ್ಗಿಸುತ್ತವೆ. ಜಿಪಿಎಸ್ ಸಂಕೇತಗಳು ಈ ಅಯಾನುಗೋಳವನ್ನು ದಾಟಿಯೇ ಬರಬೇಕು. ಆದ್ದರಿಂದ 2024ರ ಮೇ 10ರಂಥ ತೀವ್ರ ಬಿರುಗಾಳಿಯ ಮರುದಿನ ಕಡಲಿಗಿಳಿಯುವ ದೋಣಿಯ ಜಿಪಿಎಸ್ ಕೆಲವು ಮೀಟರ್ ತಪ್ಪು ತೋರಿಸಿದರೆ ಉಪಕರಣವನ್ನು ದೂರಬೇಕಾಗಿಲ್ಲ.