ಯುದ್ಧ ಮಾಡಿದ, ಸಹೋದರನ ಸಾವಿಗೂ ಕಾರಣನಾದ ಸರ್ಬಿಯಾದ ರಾಜ ಸ್ಟೆಫಾನ್ ಡೆಚಾನ್‌ಸ್ಕಿ ಸಂತ ಆಗಿದ್ದು ಹೇಗೆ?

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಸಿಂಹಾಸನಕ್ಕಾಗಿ ಮಲಸಹೋದರನ ಜೊತೆ ಕಾದಾಡಿದ, ಆ ಜಗಳದಲ್ಲಿ ಅವನು ಸತ್ತ. ಆಮೇಲೆ ಬಲ್ಗೇರಿಯಾದ ದೊರೆಯನ್ನೂ ಸೋಲಿಸಿದ. ಇಂಥವನ ಮುಂದೆ ಜನ ಯಾಕೆ ಮೇಣದಬತ್ತಿ ಹಚ್ಚುತ್ತಾರೆ ಅಂತ ಕೇಳಿದ್ದೀರಿ. ಬಾಲ್ಕನ್ ಕಡೆಯ ಮಧ್ಯಯುಗದ ಚರಿತ್ರೆ ನನಗೆ ತುಂಬಾ ಇಷ್ಟದ ಓದು. ಅದರಲ್ಲಿ ಈ ರಾಜ ಕಾಡಿದಷ್ಟು ಇನ್ಯಾರೂ ನನ್ನನ್ನು ಕಾಡಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸರ್ಬಿಯಾದ ಚರ್ಚು ಅವನನ್ನು ಪೂಜಿಸುವುದು ಗೆದ್ದ ರಾಜ ಅಂತ ಅಲ್ಲ. ಅವನು ಪಟ್ಟ ಪಾಡಿಗೆ, ಅದನ್ನು ತಾಳಿಕೊಂಡ ರೀತಿಗೆ. ಅವನ ಬದುಕು ನೋಡಿದರೆ ಇದು ಅರ್ಥವಾಗುತ್ತದೆ.

ಅವನು ನೆಮಾನಿಚ್ ವಂಶದವನು. ಆ ವಂಶದಲ್ಲಿ ರಾಜತನವೂ ಸಂತತನವೂ ಮೊದಲಿಂದ ಒಟ್ಟಿಗೇ ಇದ್ದವು. ಮೂಲಪುರುಷ ಸ್ಟೆಫಾನ್ ನೆಮಾನ್ಯ 1196ರಲ್ಲಿ ಅಧಿಕಾರ ಬಿಟ್ಟು ಸನ್ಯಾಸಿಯಾದ, ಸಿಮಿಯೋನ್ ಅಂತ ಹೆಸರಿಟ್ಟುಕೊಂಡ. 1199ರಲ್ಲಿ ಗ್ರೀಸಿನ ಆಥೋಸ್ ಬೆಟ್ಟದ ಹಿಲಾಂದಾರ್ ಮಠದಲ್ಲಿ ತೀರಿಕೊಂಡ. ಅವನ ಮಗ ಸಾವಾ 1219ರಲ್ಲಿ ಸರ್ಬಿಯಾದ ಮೊದಲ ಆರ್ಚ್‌ಬಿಷಪ್ ಆದ. ಇಬ್ಬರೂ ಸಂತರು. ಮುಂದಿನ ರಾಜರೂ ಒಬ್ಬೊಬ್ಬರಾಗಿ ಮಠ ಕಟ್ಟಿಸಿದರು, ಅಲ್ಲೇ ಸಮಾಧಿಯಾದರು. ವಂಶಕ್ಕೆ ಇದರಿಂದ ಬಲ ಬಂತು ಅನ್ನುವುದೂ ನಿಜ. ಆದರೆ ನಮ್ಮ ಸ್ಟೆಫಾನನ ವಿಷಯದಲ್ಲಿ ಬರೀ ರಾಜಕೀಯ ಅಂತ ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಅವನ ತಂದೆ ರಾಜ ಮಿಲುತಿನ್, 1282ರಿಂದ 1321ರವರೆಗೆ ಆಳಿದ ಗಟ್ಟಿ ದೊರೆ. ಮಂಗೋಲರ ನಾಯಕ ನೊಗಾಯ್ ಜೊತೆ ಸಂಧಿ ಮಾಡಿಕೊಂಡಾಗ ಎಳೆಯ ಮಗನನ್ನೇ ಒತ್ತೆಯಾಳಾಗಿ ಕಳಿಸಿದ. ಹುಡುಗನ ಎಷ್ಟೋ ವರ್ಷ ಅಲ್ಲೇ ಕಳೆಯಿತು. ವಾಪಸ್ ಬಂದ ಮೇಲೆ ಜೇಟಾ ಪ್ರಾಂತ್ಯ, ಅಂದರೆ ಇವತ್ತಿನ ಮಾಂಟೆನೆಗ್ರೊ ಕಡೆಯ ಸೀಮೆ, ಅವನ ಕೈಗೆ ಬಂತು. 1314ರ ಸುಮಾರಿಗೆ ಅಲ್ಲಿಂದ ಅಪ್ಪನ ಮೇಲೆ ತಿರುಗಿಬಿದ್ದ. ಇದನ್ನು ಮುಚ್ಚಿಡುವುದು ಬೇಡ, ತಪ್ಪು ಅವನ ಕಡೆಯೂ ಇತ್ತು. ಅಪ್ಪ ಕೊಟ್ಟ ಶಿಕ್ಷೆ ಭಯಂಕರವಾಗಿತ್ತು: ಕಣ್ಣು ಕೀಳಿಸಲು ಅಪ್ಪಣೆ ಮಾಡಿ, ಹೆಂಡತಿ ಮಕ್ಕಳ ಸಮೇತ ಬೈಜಾಂಟಿಯಮ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇವತ್ತಿನ ಇಸ್ತಾಂಬುಲ್‌ಗೆ, ಗಡೀಪಾರು ಮಾಡಿದ. ಬೈಜಾಂಟಿಯಮ್ ಪ್ರಪಂಚದಲ್ಲಿ ಕುರುಡನಿಗೆ ಪಟ್ಟವಿಲ್ಲ. ಕೊಲ್ಲದೆಯೇ ಒಬ್ಬನನ್ನು ಸಿಂಹಾಸನದಿಂದ ದೂರ ಇಡುವ ದಾರಿ ಅದು.

ಶಿಕ್ಷೆಯಾದ ಮೇಲೆ ಓವ್ಚೆ ಪೋಲೆ ಎಂಬ ಜಾಗದಲ್ಲಿ ಸಂತ ನಿಕೋಲಸ್ ಸ್ಟೆಫಾನನ ಕನಸಿನಲ್ಲಿ ಬಂದನಂತೆ. ಅಂಗೈಯಲ್ಲಿ ಎರಡು ಕಣ್ಣು ತೋರಿಸಿ, ಹೆದರಬೇಡ, ನಿನ್ನ ಕಣ್ಣು ನನ್ನ ಹತ್ತಿರ ಇವೆ ಅಂದನಂತೆ. ಮುಂದೆ ಕಾನ್‌ಸ್ಟಾಂಟಿನೋಪಲ್‌ನ ಪಾಂಟೊಕ್ರಾಟರ್ ಮಠದಲ್ಲಿ ದೃಷ್ಟಿ ಮರಳಿತು, ಆದರೂ ಅಪ್ಪ ಸಾಯುವವರೆಗೆ ಕಣ್ಣಿನ ಪಟ್ಟಿ ಬಿಚ್ಚಲಿಲ್ಲ ಅನ್ನುತ್ತದೆ ಸಂತಚರಿತೆ. ಶಿಕ್ಷೆ ಕೊಟ್ಟವರು ಪೂರ್ತಿ ಕುರುಡು ಮಾಡಿರಲಿಲ್ಲ ಅಂತ ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಯಾವುದನ್ನೇ ಒಪ್ಪಿ, ಆ ಮನುಷ್ಯ ವರ್ಷಗಟ್ಟಲೆ ಪರದೇಶದ ಮಠದಲ್ಲಿ ಕುರುಡನಾಗಿಯೇ ಬಾಳಿದ, ಅಲ್ವಾ? ಆ ವರ್ಷಗಳನ್ನು ಜನ ಮರೆಯಲಿಲ್ಲ.

1320ರ ಸುಮಾರಿಗೆ ಅಪ್ಪ ವಾಪಸ್ ಕರೆಸಿಕೊಂಡ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಮಿಲುತಿನ್ ಸತ್ತ. ಆಗ ಸ್ಟೆಫಾನ್ ಕಣ್ಣಿನ ಪಟ್ಟಿ ತೆಗೆದು, ನನಗೆ ಕಾಣಿಸುತ್ತದೆ ಅಂತ ಸಾರಿದ. 1322ರ ಜನವರಿ 6ರಂದು ಪಟ್ಟವಾಯಿತು. ಮಲಸಹೋದರ ಕಾನ್‌ಸ್ಟಾಂಟಿನ್ ಒಪ್ಪಲಿಲ್ಲ. ರಾಜ್ಯದಲ್ಲಿ ಪಾಲು ಕೊಡುತ್ತೇನೆ, ಯುದ್ಧ ಬೇಡ ಅಂತ ಸ್ಟೆಫಾನ್ ಹೇಳಿಕಳಿಸಿದ ಅನ್ನುತ್ತದೆ ಸಂತಚರಿತೆ. ಕೊನೆಗೆ ಯುದ್ಧ ಆಗಿಯೇ ಆಯಿತು, ಕಾನ್‌ಸ್ಟಾಂಟಿನ್ ಪ್ರಾಣ ಬಿಟ್ಟ. ನೀವು ಕೇಳಿದ ಸಾವು ಇದೇ. ಅದನ್ನು ನಾನು ಸಮರ್ಥಿಸುವುದಿಲ್ಲ. ಚರ್ಚು ಕೂಡ ಅದನ್ನು ಪುಣ್ಯ ಅಂತ ಎಲ್ಲೂ ಹೇಳುವುದಿಲ್ಲ.

ಬಲ್ಗೇರಿಯಾದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿನ ತ್ಸಾರ್, ಅಂದರೆ ದೊರೆ, ಮಿಖಾಯಿಲ್ ಶಿಶ್ಮಾನ್ ಇವನ ತಂಗಿ ಅನ್ನಾಳನ್ನು ಬಿಟ್ಟು, ಬೈಜಾಂಟಿಯಮ್ ರಾಜಮನೆತನದ ಹೆಣ್ಣನ್ನು ಮದುವೆಯಾದ. 1330ರ ಜುಲೈ 28ರಂದು ವೆಲ್ಬಜ್ದ್‌ನಲ್ಲಿ, ಈಗಿನ ಕ್ಯುಸ್ಟೆಂಡಿಲ್ ಹತ್ತಿರ, ಸರ್ಬರು ಗೆದ್ದರು. ಮಿಖಾಯಿಲ್ ಗಾಯಗೊಂಡು ಸತ್ತ. ಸ್ಟೆಫಾನ್ ಅವನ ನಾಡನ್ನು ನುಂಗಲಿಲ್ಲ, ತಂಗಿಯ ಮಗನನ್ನು ಅಲ್ಲಿ ಪಟ್ಟಕ್ಕೆ ಕೂರಿಸಿ ಹಿಂತಿರುಗಿದ. ಇನ್ನಷ್ಟು ನೆಲ, ಇನ್ನಷ್ಟು ಕೊಳ್ಳೆ ಬೇಕಿದ್ದ ಸಾಮಂತರಿಗೆ ಇದು ಹಿಡಿಸಲಿಲ್ಲ.

ಆ ಸಾಮಂತರು ಮಗ ದುಶಾನನ ಹಿಂದೆ ನಿಂತರು. ಇದೇ ದುಶಾನ್ ಚಿಕ್ಕವನಿದ್ದಾಗ ಅಪ್ಪನ ಜೊತೆ ಗಡೀಪಾರಿನಲ್ಲಿದ್ದವನು. ಸ್ಟೆಫಾನ್ ಆಮೇಲೆ ಮಾರಿಯಾ ಪಾಲಿಯೊಲೊಗಿನಾಳನ್ನು ಎರಡನೇ ಮದುವೆಯಾಗಿದ್ದ, ಅವಳಿಗೊಬ್ಬ ಗಂಡು ಮಗ ಹುಟ್ಟಿದ್ದ. ಪಟ್ಟ ತನ್ನ ಕೈತಪ್ಪೀತು ಅನ್ನುವ ಭಯ ದುಶಾನನಿಗೆ ಇದ್ದಿರಬೇಕು. 1331ರಲ್ಲಿ ಅಪ್ಪನನ್ನು ಹಿಡಿದು ಜ್ವೆಚಾನ್ ಕೋಟೆಯಲ್ಲಿ ಸೆರೆಯಿಟ್ಟ. ಸೆಪ್ಟೆಂಬರ್‌ನಲ್ಲಿ ತಾನೇ ಪಟ್ಟವೇರಿದ. ನವೆಂಬರ್ 11ರಂದು ಸ್ಟೆಫಾನ್ ಸೆರೆಯಲ್ಲೇ ಸತ್ತ.

ಈಗ ನಿಮ್ಮ ಪ್ರಶ್ನೆಯ ಒಳಗೆ ಬರೋಣ. ಅವನ ಬಗ್ಗೆ ಎರಡು ಹಳೆಯ ಚರಿತೆಗಳಿವೆ. ಒಂದು ದುಶಾನನ ಕಾಲದ್ದು, ಆರ್ಚ್‌ಬಿಷಪ್ ದಾನಿಲೊನ ಶಿಷ್ಯ ಬರೆದದ್ದು. ಆಳುವ ರಾಜನ ಕಡೆ ವಾಲುವ ಬರಹ ಅದು. ಇನ್ನೊಂದನ್ನು 15ನೇ ಶತಮಾನದ ಶುರುವಿನಲ್ಲಿ ಗ್ರಿಗೊರಿ ತ್ಸಾಂಬ್ಲಾಕ್ ಬರೆದ. ಅವನು ಹುಟ್ಟಿದ್ದು ಬಲ್ಗೇರಿಯಾದಲ್ಲಿ, ಆದರೆ ಸ್ಟೆಫಾನ್ ಕಟ್ಟಿಸಿದ ಡೆಚಾನಿ ಮಠಕ್ಕೇ ಮುಖ್ಯಸ್ಥನಾಗಿದ್ದ. ಅವನ ಪ್ರಕಾರ ಸ್ಟೆಫಾನನನ್ನು ಕತ್ತು ಹಿಸುಕಿ ಕೊಂದರು. ಅವನು ಚಿತ್ರಿಸುವುದು ಅಪ್ಪನಿಂದಲೂ ಮಗನಿಂದಲೂ ಪೆಟ್ಟು ತಿಂದು, ಯಾರನ್ನೂ ಶಪಿಸದೆ ಹೋದ ಮನುಷ್ಯನನ್ನು. ಜನರ ಮನಸ್ಸಿನಲ್ಲಿ ನಿಂತದ್ದು ಈ ಎರಡನೆಯ ಚಿತ್ರ. ಸರ್ಬಿಯಾದ ಚರ್ಚು ಸೇರಿರುವ ಆರ್ಥೊಡಾಕ್ಸ್, ಅಂದರೆ ಪೂರ್ವದ ಕ್ರೈಸ್ತ, ಸಂಪ್ರದಾಯದಲ್ಲಿ ಸ್ವಂತದವರ ಕೈಯಿಂದ ಸಾವು ತಾಳಿಕೊಂಡ ರಾಜರನ್ನು ಪೂಜಿಸುವುದು ಹೊಸದೂ ಅಲ್ಲ. ಕೀವ್‌ನ ಬೋರಿಸ್, ಗ್ಲೆಬ್ ಅನ್ನುವ ಅಣ್ಣತಮ್ಮಂದಿರು ಸಂತರಾಗಿದ್ದು ಹೀಗೆಯೇ.

ಇನ್ನೊಂದು ಕಾರಣ ಡೆಚಾನಿ ಮಠವೇ. 1327ರಲ್ಲಿ ಕೆಲಸ ಶುರುವಾಯಿತು. ಕಟ್ಟಿದವನು ಕೊಟೊರ್ ಊರಿನ ವಿಟಾ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ, ಅಂದರೆ ಕ್ಯಾಥೊಲಿಕ್. ಹೊರಗೋಡೆಯಲ್ಲಿ ತಿಳಿಬಣ್ಣದ ಮತ್ತು ಕೆಂಪು ಛಾಯೆಯ ಅಮೃತಶಿಲೆ ಒಂದರ ಮೇಲೊಂದು ಪಟ್ಟೆಗಳಾಗಿ ಸಾಗುತ್ತವೆ. ಒಳಗೆ ಗೋಡೆ ತುಂಬಾ ಚಿತ್ರಗಳು, ನೆಮಾನಿಚ್ ವಂಶದ ಮರವೂ ಅಲ್ಲಿದೆ. ಸ್ಟೆಫಾನ್ ಕೆಲಸ ಮುಗಿಯುವುದನ್ನು ನೋಡಲಿಲ್ಲ. 1335ರ ಹೊತ್ತಿಗೆ ಕಟ್ಟಡ ಮುಗಿಸಿದವನು ಅವನನ್ನು ಸೆರೆಗೆ ಹಾಕಿದ ದುಶಾನನೇ. ಅಪ್ಪನಿಗೆ ಅಲ್ಲಿ ಸಮಾಧಿ ಮಾಡಿಸಿದ. ಕೆಲವು ವರ್ಷದ ನಂತರ ಸಮಾಧಿ ತೆರೆದಾಗ ದೇಹ ಕೆಡದೆ ಇತ್ತು ಎಂದು ಚರಿತೆ ಹೇಳುತ್ತದೆ. ಆರ್ಥೊಡಾಕ್ಸ್ ಜನರಿಗೆ ಅದು ಸಂತತನದ ದೊಡ್ಡ ಗುರುತು. ದೇಹವನ್ನು ಗರ್ಭಗುಡಿಯ ತಡೆಗೋಡೆಯ ಮುಂದೆ ಇಟ್ಟರು, ಕಾಯಿಲೆಯವರು ಬಂದು ಬೇಡಿಕೊಳ್ಳತೊಡಗಿದರು. ಹೀಗೆ ಬೆಳೆದದ್ದು ಭಕ್ತಿ.

ನನಗೆ ಅತಿ ವಿಚಿತ್ರ ಅನ್ನಿಸುವುದು ಇದು: ಮಗನ ಕಣ್ಣು ಕೀಳಿಸಲು ಹೇಳಿದ ಮಿಲುತಿನ್ ಕೂಡ ಸಂತನೇ. ಅವನ ದೇಹ ಈಗ ಸೋಫಿಯಾದ ಸ್ವೆತಾ ನೆದೆಲ್ಯಾ ಚರ್ಚಿನಲ್ಲಿದೆ. ಆದರೆ 1346ರಲ್ಲಿ ಚಕ್ರವರ್ತಿಯಾದ, ಆ ವಂಶದಲ್ಲೇ ಹೆಚ್ಚು ನೆಲ ಗೆದ್ದ ದುಶಾನ್ ಶತಮಾನಗಳವರೆಗೆ ಸಂತರ ಸಾಲಿಗೆ ಸೇರಲಿಲ್ಲ. ಗೆಲುವೇ ಅಳತೆಗೋಲಾಗಿದ್ದರೆ ಮೊದಲು ಸೇರಬೇಕಿದ್ದವನು ಅವನು.

ಡೆಚಾನಿ ಇವತ್ತು ಪಶ್ಚಿಮ ಕೊಸೊವೊದಲ್ಲಿದೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು, 2006ರಿಂದ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದೆ. 1998-99ರ ಯುದ್ಧದಲ್ಲಿ ಅಲ್ಲಿನ ಸನ್ಯಾಸಿಗಳು ಸರ್ಬರು, ಅಲ್ಬೇನಿಯನ್ನರು, ರೋಮಾ ಜನ ಅಂತ ನೋಡದೆ ನಿರಾಶ್ರಿತರಿಗೆ ಜಾಗ ಕೊಟ್ಟರು. ಸ್ಟೆಫಾನನ ಹಬ್ಬ ಹಳೆಯ ಪಂಚಾಂಗದ ನವೆಂಬರ್ 11, ನಮ್ಮ ಕ್ಯಾಲೆಂಡರ್‌ನಲ್ಲಿ ನವೆಂಬರ್ 24. ಸರ್ಬಿಯಾದ ಎಷ್ಟೋ ಮನೆಗಳಿಗೆ ಅವನೇ ಮನೆತನದ ಸಂತ. ಅವತ್ತು ಅವರು ಮೇಣದಬತ್ತಿ ಹಚ್ಚಿ, ಬೇಯಿಸಿದ ಗೋಧಿ ಮತ್ತು ಹಬ್ಬದ ರೊಟ್ಟಿ ಇಟ್ಟು ಬಂಧುಬಳಗವನ್ನು ಊಟಕ್ಕೆ ಕರೆಯುತ್ತಾರೆ.