ಅಂಡಮಾನಿನ ಶಹೀದ್ ದ್ವೀಪದಲ್ಲಿ ಹೆಕ್ಕಿದ ಚಿಪ್ಪುಗಳ ಚಿತ್ರ ಹಾಕಿದವರಿಗೆ ಒಂದು ಉದ್ದದ ಉತ್ತರ

ಮೇಡಂ, ಹೋಟೆಲಿನ ಹಾಸಿಗೆಯ ಮೇಲೆ ಬಿಳಿ ಟವೆಲ್ ಹರಡಿ, ಮಕ್ಕಳು ಹೆಕ್ಕಿದ ಚಿಪ್ಪುಗಳನ್ನೂ ನಾಲ್ಕೈದು ಹವಳದ ತುಂಡುಗಳನ್ನೂ ಸಾಲಾಗಿ ಜೋಡಿಸಿ ನೀವು ಹಾಕಿರುವ ಚಿತ್ರವನ್ನು ಈಗಷ್ಟೇ ನೋಡಿದೆ. ಇವನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟರೆ ಒಡೆಯುವುದಿಲ್ಲವೇ, ಪೋರ್ಟ್ ಬ್ಲೇರಿನಲ್ಲಿ ದೊಡ್ಡ ಶಂಖ ಎಲ್ಲಿ ಅಗ್ಗ, ಶುಕ್ರವಾರ ವಿಮಾನ ಹತ್ತುವ ಮೊದಲು ಲೋಕಲ್ ಊಟಕ್ಕೆ ಎಲ್ಲಿಗೆ ಹೋಗಬೇಕು ಎಂದು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ಕೆಳಗೆ ಹನ್ನೊಂದು ಮಂದಿ ಬಬಲ್ ರ‍್ಯಾಪ್ ಬಗ್ಗೆ ಸಲಹೆ ಕೊಟ್ಟಿದ್ದಾರೆ. ಆ ಚಿಪ್ಪುಗಳು ಒಡೆಯುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅವು ಬೆಂಗಳೂರಿನವರೆಗೆ ಬರುವುದೇ ಇಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿಲ್ಲ.

ನಿಮ್ಮನ್ನು ಬೈಯುವ ಉದ್ದೇಶ ನನ್ನದಲ್ಲ, ಆದರೂ ಮುಂದೆ ಸ್ವಲ್ಪ ಬೈದಂತೆ ಕೇಳಿಸಿದರೆ ಕ್ಷಮಿಸಬೇಕು; ಇದೇ ತಪ್ಪನ್ನು ಇದೇ ದ್ವೀಪದಲ್ಲಿ ನಾನೂ ಮಾಡಿದ್ದೇನೆ. ಅದನ್ನು ಇನ್ನೂ ನೀಲ್ ಎಂದೇ ಕರೆಯುತ್ತಿದ್ದ ಕಾಲವದು. ಶಹೀದ್ ದ್ವೀಪ ಎಂಬ ಹೆಸರು ಬಂದದ್ದು 2018ರ ಡಿಸೆಂಬರಿನ ಕೊನೆಯಲ್ಲಿ. ಕುಂದಾಪುರದ ಕಡಲ ಮಗ್ಗುಲಲ್ಲೇ ಬೆಳೆದ ನನಗೆ ಚಿಪ್ಪು ಹೆಕ್ಕುವುದು ತಪ್ಪು ಎಂದು ಅದುವರೆಗೆ ಅನ್ನಿಸಿರಲೇ ಇಲ್ಲ. ಭರತ್‌ಪುರ ತೀರದಲ್ಲಿ ನೀರು ಇಳಿದಿದ್ದ ಸಂಜೆ ಅಣ್ಣನ ಮಗಳ ಜೊತೆ ಸೇರಿಕೊಂಡು ಒಂದು ಬಟ್ಟೆಚೀಲದ ತುಂಬ ಆರಿಸಿ ತಂದೆ. ಆ ರಾತ್ರಿ ಕೋಣೆಯ ಮೇಜಿನ ಮೇಲೆ ಟಕ್, ಟಕ್ ಎಂದು ಸದ್ದಾಗತೊಡಗಿತು. ಹಲ್ಲಿ ಇರಬಹುದೆಂದು ದೀಪ ಹಾಕಿ ನೋಡಿದರೆ, ಅವುಗಳಲ್ಲಿ ಅತ್ಯಂತ ಚೆಂದದ್ದೆಂದು ನಾವು ಬೇರೆಯಾಗಿ ತೆಗೆದಿಟ್ಟಿದ್ದ ಚಿಪ್ಪು ಮೇಜಿನ ಅಂಚಿನವರೆಗೆ ತಾನೇ ನಡೆದುಕೊಂಡು ಹೋಗಿತ್ತು. ಒಳಗೆ ಸನ್ಯಾಸಿ ಏಡಿ ಇತ್ತು. ಹುಡುಕಿದಾಗ ಇನ್ನೂ ಮೂರು ಸಿಕ್ಕವು. ಆ ಏಡಿಗೆ ಹಿಂಬದಿಯ ಮೈ ಮೆತ್ತಗೆ, ತನ್ನದೇ ಕವಚವಿಲ್ಲ. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಅದರ ಮನೆ, ದೇಹ ದೊಡ್ಡದಾದಂತೆಲ್ಲ ಅದು ಇನ್ನೂ ದೊಡ್ಡ ಚಿಪ್ಪನ್ನು ಹುಡುಕಿ ಮನೆ ಬದಲಿಸುತ್ತಿರಬೇಕು. ಖಾಲಿ ಚಿಪ್ಪು ತಾನೇ ಎಂದು ನಾವು ಚೀಲಕ್ಕೆ ಹಾಕಿಕೊಂಡದ್ದೆಲ್ಲ ಯಾವುದೋ ಏಡಿಗೆ ನಾಳೆ ಬೇಕಾಗುವ ಮನೆಯಾಗಿತ್ತು.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಏಡಿ ಇದ್ದವನ್ನಷ್ಟೇ ಬೆಳಿಗ್ಗೆ ದಡಕ್ಕೆ ಬಿಟ್ಟು ಉಳಿದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸೂಟ್‌ಕೇಸಿಗೆ ತುರುಕಿದೆ. ಮರುದಿನ ಹಡಗಿನಲ್ಲಿ ನಮ್ಮ ಸಾಮಾನಿನಿಂದ ಹೊರಟ ನಾತವನ್ನು ಇಲ್ಲಿ ವರ್ಣಿಸುವುದಿಲ್ಲ. ಸುರುಳಿಯ ತುದಿಯಲ್ಲಿ ಉಳಿದ ಮಾಂಸ ಎಷ್ಟು ತೊಳೆದರೂ ಹೋಗುವುದಿಲ್ಲ, ಗಾಳಿಯಾಡದ ಕಡೆ ಇಟ್ಟರೆ ಇನ್ನೂ ಕೊಳೆಯುತ್ತದೆ. ಹೊರಡುವ ದಿನ ವಿಮಾನ ನಿಲ್ದಾಣದ ತಪಾಸಣೆಯ ಯಂತ್ರದಲ್ಲಿ ಎಲ್ಲವೂ ಬೆಳ್ಳಗೆ ಕಂಡವು. ಸೂಟ್‌ಕೇಸ್ ತೆರೆಸಿದರು. "ನಮ್ಮೂರಿನ ಕಡಲಲ್ಲೂ ಇವೇ ಇರುತ್ತವೆ" ಎಂದು ನಾನು ವಾದ ಹೂಡಿದೆ. ಅಲ್ಲಿದ್ದವರು ಒಂದು ಮಾತೂ ಗಡುಸಾಗಿ ಆಡದೆ, ಪಕ್ಕದಲ್ಲಿದ್ದ ದೊಡ್ಡ ಡಬ್ಬಿಯನ್ನು ತೋರಿಸಿದರು. ನನ್ನಂಥವರಿಂದ ತೆಗೆಸಿದ ಹವಳ, ಚಿಪ್ಪುಗಳಿಂದ ಅದು ಅರ್ಧ ತುಂಬಿತ್ತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ಒಳಬಟ್ಟೆಗಳ ನಡುವಿನಿಂದ ಒಂದೊಂದೇ ಹವಳದ ತುಂಡು ಹೊರತೆಗೆಯುವ ಅವಮಾನವೇ ಸಾಕಾಗಿತ್ತು. ಅಷ್ಟಕ್ಕೇ ಬಿಟ್ಟದ್ದು ನನ್ನ ಪುಣ್ಯ.

ಸತ್ತ ಹವಳಕ್ಕೆ ಕಾನೂನು ಅನ್ವಯಿಸುವುದಿಲ್ಲ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಅದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪರಿಶಿಷ್ಟಕ್ಕೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಹವಳ, ಸಮುದ್ರ ಸೌತೆ (ಸೌತೆಕಾಯಿಯಂತೆ ಕಾಣುವ ಮೆತ್ತನೆಯ ಕಡಲಪ್ರಾಣಿ), ಕೆಲವು ಜಾತಿಯ ಚಿಪ್ಪುಗಳು ಎಲ್ಲವೂ ಸೇರಿದವು. ಅಂದರೆ ಹುಲಿಗೆ ಇರುವ ಸಾಲಿನಲ್ಲೇ ಅವೂ ಇವೆ. ಹುಲಿಯ ಚರ್ಮವನ್ನು ಸತ್ತ ಹುಲಿಯದ್ದು ಎಂದು ಹೇಳಿ ಮನೆಗೆ ಒಯ್ಯಲು ಬರುವುದಿಲ್ಲವಷ್ಟೆ? ನಿಮ್ಮ ಚಿತ್ರದ ಬಲಮೂಲೆಯಲ್ಲಿ ಮಿದುಳಿನ ಗೆರೆಗಳಿರುವ ಬಿಳಿಯ ಉಂಡೆ ಅದೇ ಸಾಲಿಗೆ ಸೇರಿದ ಹವಳ.

ಇನ್ನೊಂದು ಮಾತನ್ನು ಮಕ್ಕಳ ಸಲುವಾಗಿ ಹೇಳಲೇಬೇಕು. ಐಸ್‌ಕ್ರೀಮ್ ಕೋನಿನ ಆಕಾರದ, ಜಾಲರಿಯಂಥ ಚಿತ್ತಾರವಿರುವ ಚಿಪ್ಪು ಎಲ್ಲಿಯೇ ಕಂಡರೂ ಕೈಗೆತ್ತಿಕೊಳ್ಳಬಾರದು, ಜೇಬಿನಲ್ಲಂತೂ ಇಡಲೇಬಾರದು. ಒಳಗೆ ಜೀವ ಇದ್ದರೆ ಅದು ಸೂಜಿಯಂಥ ಹಲ್ಲಿನಿಂದ ವಿಷ ಚುಚ್ಚುತ್ತದೆ. ಕೋನ್ ಶಂಖದ ಕೆಲವು ಜಾತಿಗಳ ವಿಷದಿಂದ ಮನುಷ್ಯರು ಸತ್ತದ್ದೂ ಉಂಟು. ಲಕ್ಷ್ಮಣಪುರದ ಕಡೆ ನೈಸರ್ಗಿಕ ಸೇತುವೆ ನೋಡಲು ನೀರಿಳಿದ ಹೊತ್ತಿನಲ್ಲಿ ಹೋಗುವಾಗ ಯಾರಾದರೂ ಅದೇ ಪರಿಶಿಷ್ಟದ ಸಮುದ್ರ ಸೌತೆಯನ್ನು ಎತ್ತಿ ಮಕ್ಕಳ ಅಂಗೈ ಮೇಲೆ ಇಡಲು ಬಂದರೆ ಬೇಡವೆನ್ನಿ.

ಈಗ ದೊಡ್ಡ ಶಂಖದ ಪ್ರಶ್ನೆ. ಅಗ್ಗದ್ದು ಎಲ್ಲಿ ಎಂದು ಕೇಳುವುದನ್ನು ಬಿಟ್ಟು ಬಿಲ್ಲು ಕೊಡುವವರು ಯಾರು ಎಂದು ಕೇಳಿ. ನನ್ನ ಎರಡನೇ ಪ್ರವಾಸದಲ್ಲಿ ಜೆಟ್ಟಿಯ ಹತ್ತಿರದ ಒಂದು ಅಂಗಡಿಯಾತ ತಲೆಯಷ್ಟು ದೊಡ್ಡ ಹೆಲ್ಮೆಟ್ ಶಂಖವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಿಲ್ಲು ಬೇಡವಾದರೆ ಮುನ್ನೂರು ಕಡಿಮೆ ಎಂದ. ಮೊದಲ ಸಲದ ಪಾಠ ನೆನಪಿದ್ದುದರಿಂದ ಕೈಮುಗಿದು ಬಂದೆ. ಕೊಂಬಿನ ಹೆಲ್ಮೆಟ್ ಶಂಖ, ಟ್ರೈಟನ್, ನಾಟಿಲಸ್, ಬಟ್ಟಲಿನಂಥ ಅಲೆಯಂಚಿನ ದೈತ್ಯ ಚಿಪ್ಪುಗಳಲ್ಲಿ ಕೆಲವು ಜಾತಿಗಳು, ಇವುಗಳನ್ನು 2001ರಲ್ಲೇ ಆ ಒಂದನೇ ಪರಿಶಿಷ್ಟಕ್ಕೆ ಸೇರಿಸಿದ್ದರು. ಅಂಗಡಿಯಲ್ಲಿ ಇಟ್ಟಿದ್ದಾರೆ ಎಂದ ಮಾತ್ರಕ್ಕೆ ಒಯ್ಯಬಹುದು ಎಂದಾಗುವುದಿಲ್ಲ. ಹೊಳಪು ಕೊಟ್ಟ ಟ್ರೋಕಸ್, ಟರ್ಬೋ ಚಿಪ್ಪಿನ ವಸ್ತುಗಳನ್ನು ಕೊಳ್ಳುವುದಾದರೂ ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡು, ವಸ್ತುವಿನ ಹೆಸರು ಬರೆದ ಬಿಲ್ಲು ಪಡೆದು, ಅದನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಚಿಪ್ಪಿನ ಸಾಮಾನು ಚೀಲದ ಮೇಲ್ಭಾಗದಲ್ಲಿ ಕಾಣುವಂತೆ ಇರಲಿ, ಕೇಳಿದ ಕೂಡಲೇ ತೋರಿಸಬಹುದು. ಅಡಗಿಸಿದಷ್ಟೂ ತೊಂದರೆ ಹೆಚ್ಚು.

ನನ್ನ ಪದ್ಧತಿ ಹೀಗಿದೆ, ಇದನ್ನು ಈ ಗುಂಪಿನಲ್ಲಿ ಹಿಂದೆಯೂ ಎರಡು ಸಲ ಬರೆದಿದ್ದೇನೆ. ಪೋರ್ಟ್ ಬ್ಲೇರ್ (2024ರಿಂದ ಕಾಗದದ ಮೇಲೆ ಶ್ರೀ ವಿಜಯಪುರಂ) ತಲುಪಿದ ಮೇಲೆ ಮೊದಲು ನೌಕಾಪಡೆಯವರ ಸಮುದ್ರಿಕಾ ವಸ್ತುಸಂಗ್ರಹಾಲಯಕ್ಕೆ ಹೋಗಿ, ಯಾವ ಚಿಪ್ಪಿಗೆ ಏನು ಹೆಸರು ಎಂದು ಕಣ್ಣಾರೆ ನೋಡಿಕೊಳ್ಳಿ. ಅಲ್ಲಿಂದ ಮಿಡ್ಲ್ ಪಾಯಿಂಟಿನ ಸಾಗರಿಕಾ ಸರ್ಕಾರಿ ಮಳಿಗೆಗೆ ಹೋಗಿ ಬೆಲೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಕೊಳ್ಳಬೇಡಿ. ಅನಂತರ ಅಬರ್ಡೀನ್ ಬಜಾರಿನಲ್ಲಿ ಒಂದು ಸುತ್ತು ಹಾಕಿ. ಬಜಾರಿನಲ್ಲಿ ಚೌಕಾಸಿ ನಡೆಯುತ್ತದೆ, ಸಾಗರಿಕಾದಲ್ಲಿ ನಡೆಯುವುದಿಲ್ಲ. ಆದರೆ ಕೈಯಲ್ಲಿ ಬೆಲೆಯ ಚೀಟಿ ಇಲ್ಲದವರು ಚೌಕಾಸಿ ಮಾಡಿ ಗೆದ್ದೆವೆಂದುಕೊಂಡೇ ಸೋತಿರುತ್ತಾರೆ. ಅಲ್ಲಿ ಸೂರ್ಯ ಐದು, ಐದೂವರೆಗೇ ಮುಳುಗುತ್ತಾನೆ. ನಮ್ಮೂರಿನ ಲೆಕ್ಕದಲ್ಲಿ ಏಳು ಗಂಟೆಗೆ ಹೊರಡೋಣ ಎಂದು ಕುಳಿತರೆ ಅರ್ಧ ಸಂಜೆ ಕಳೆದಿರುತ್ತದೆ.

ಚಿಪ್ಪಿನ ಪರದೆ, ಕೀಚೈನು, ಹೆಸರು ಕೊರೆದ ಕವಡೆ, ದ್ವೀಪದ ಹೆಸರು ಅಚ್ಚಾದ ಟೀಶರ್ಟು, ಇವಕ್ಕೆ ದುಡ್ಡು ಹಾಕುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಇದೇ ಸರಕನ್ನು ನಾನು ಕನ್ಯಾಕುಮಾರಿಯಲ್ಲೂ ರಾಮೇಶ್ವರದಲ್ಲೂ ನೋಡಿದ್ದೇನೆ. ನಿಜವಾಗಿ ಅಲ್ಲಿಯದೇ ಎನ್ನಬಹುದಾದದ್ದು ಪಡಾಕ್ ಮರದ ಸಾಮಾನು. ಬಟ್ಟಲು, ಚಮಚ, ಕೈಕೋಲು ಇಂಥವನ್ನು ಸಾಗರಿಕಾದಲ್ಲಿ ಕೊಂಡು ಬಿಲ್ಲನ್ನು ಜೋಪಾನವಾಗಿಡಿ. ಹೊಸದರಲ್ಲಿ ಕಾಣುವ ಆ ಕೆಂಪು ಬಿಸಿಲು ತಾಗುತ್ತ ಹೋದಂತೆ ಕಂದಾಗುತ್ತದೆ; ಬಣ್ಣ ಹಚ್ಚಿ ಮೋಸ ಮಾಡಿದರು ಎಂದು ಆಮೇಲೆ ದೂರಬೇಡಿ, ಮರದ ಗುಣವೇ ಹಾಗೆ. ಮುತ್ತಿನ ಸರವನ್ನು ಹಲ್ಲಿನ ಅಂಚಿಗೆ ಉಜ್ಜಿ ನೋಡಿ: ನುಣ್ಣಗೆ ಜಾರಿದರೆ ಗಾಜು ಇಲ್ಲವೇ ಪ್ಲಾಸ್ಟಿಕ್, ಸಣ್ಣ ಮರಳು ತಾಗಿದಂತಾದರೆ ಮುತ್ತು. ಆದರೆ ಸಾಕಿದ ಸಿಹಿನೀರಿನ ಮುತ್ತೂ ಹೀಗೆಯೇ ತಾಗುತ್ತದೆ, ಆದ್ದರಿಂದ ಅಂಡಮಾನಿನ ಸಮುದ್ರದ್ದೇ ಎಂದು ಹೆಚ್ಚು ಬೆಲೆ ಹೇಳಿದರೆ ಹಲ್ಲಿನ ಪರೀಕ್ಷೆ ನಿಮ್ಮನ್ನು ಕಾಯುವುದಿಲ್ಲ.

ಕಾಳುಮೆಣಸು, ಲವಂಗ, ಜಾಯಿಕಾಯಿಯ ಪೊಟ್ಟಣಗಳ ಬಗ್ಗೆ ಶಿರಸಿಯ ಸದಸ್ಯರೊಬ್ಬರು ವಿಚಾರಿಸಿದ್ದನ್ನು ನೋಡಿ ನಗು ಬಂತು. ಅಂಗಳದಲ್ಲೇ ಮೆಣಸಿನ ಬಳ್ಳಿ ಇರುವವರು ಬಂಗಾಳ ಕೊಲ್ಲಿ ದಾಟಿ ಹೋಗಿ ಮೆಣಸು ತರುವುದೇ? ಬಯಲುಸೀಮೆಯವರು ಬೇಕಾದರೆ ತರಲಿ. ತೆಂಗಿನ ಎಣ್ಣೆ ಚೆನ್ನಾಗಿರುತ್ತದೆ, ಆದರೆ ಅದನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಮುಚ್ಚಳಕ್ಕೆ ಟೇಪು ಸುತ್ತಿ ಚೆಕ್-ಇನ್‌ಗೆ ಹಾಕಬೇಕು. ಒಣ ಕೊಬ್ಬರಿಯ ಗಿಟುಕನ್ನು ಮಾತ್ರ ಕೊಳ್ಳಲೇಬೇಡಿ, ಅದು ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನದಲ್ಲಿ ತಡೆಯುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಲೋಕಲ್ ಊಟ ಎಂದು ನೀವು ಕೇಳಿದ್ದಕ್ಕೆ ಅಲ್ಲಿ ಒಂದೇ ಉತ್ತರವಿಲ್ಲ. ಶಹೀದ್ ದ್ವೀಪದಲ್ಲೂ ಸ್ವರಾಜ್ ದ್ವೀಪದಲ್ಲೂ (ಹಳೆಯ ಹ್ಯಾವ್‌ಲಾಕ್) ನೆಲೆ ನಿಂತವರಲ್ಲಿ ಹೆಚ್ಚಿನವರು ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಕುಟುಂಬದವರು. ಹಾಗಾಗಿ ಅಲ್ಲಿ ಲೋಕಲ್ ಎಂದರೆ ಅನ್ನ, ಬೇಳೆ, ಒಂದು ಪಲ್ಯ, ಸಾಸಿವೆ ಎಣ್ಣೆಯ ಮೀನು ಝೋಲ್, ಅಂದರೆ ತೆಳು ಸಾರು. ಪೋರ್ಟ್ ಬ್ಲೇರಿನಲ್ಲಿ ತಮಿಳರ ಇಡ್ಲಿ, ದೋಸೆಯೂ ಅಷ್ಟೇ ಲೋಕಲ್. ದಕ್ಷಿಣ ಅಂಡಮಾನಿನಲ್ಲಿ ಮಂಜೇರಿ, ಕ್ಯಾಲಿಕಟ್ ಎಂಬ ಹೆಸರಿನ ಹಳ್ಳಿಗಳೇ ಇವೆ. 1921ರ ಮಲಬಾರ್ ದಂಗೆಯ ನಂತರ ಗಡೀಪಾರಾದ ಮಾಪಿಳ್ಳೆಯರು (ಮಲಬಾರಿನ ಮುಸ್ಲಿಮರು) ತಮ್ಮ ಊರುಗಳ ಹೆಸರನ್ನೇ ಅಲ್ಲಿ ಇಟ್ಟುಕೊಂಡರು. ಇಷ್ಟೆಲ್ಲ ಇರುವಾಗ ರೆಸಾರ್ಟಿನಲ್ಲಿ ಕುಳಿತು ಪನೀರ್ ಬಟರ್ ಮಸಾಲಾ ತಿಂದು "ಅಂಡಮಾನಿನಲ್ಲಿ ಊಟ ಸರಿಯಿಲ್ಲ" ಎಂದು ಇಲ್ಲಿ ಬರೆಯುವವರಿಗೆ ಏನು ಹೇಳಬೇಕೋ ತಿಳಿಯದು.

ಮಧ್ಯಾಹ್ನ ಹನ್ನೆರಡೂವರೆಗೆ ಜೀಪು ಚಾಲಕರು ಎಲ್ಲಿ ಕುಳಿತಿದ್ದಾರೆ ಎಂದು ನೋಡಿ ಅಲ್ಲಿಗೇ ಹೋಗಿ. ಎರಡು ಗಂಟೆಯ ಮೇಲೆ ಹೋದರೆ ಮೀನು ಮುಗಿದಿರುತ್ತದೆ. ಕೊಬ್ಬರಿ ಎಣ್ಣೆಯ ನಾಲಗೆಗೆ ಸಾಸಿವೆ ಎಣ್ಣೆಯ ಘಾಟು ಮೊದಲ ತುತ್ತಿನಲ್ಲಿ ಹಿಡಿಸಲಿಕ್ಕಿಲ್ಲ. ನನಗೂ ಹಿಡಿಸಿರಲಿಲ್ಲ, ಮೂರನೆಯ ದಿನದ ಹೊತ್ತಿಗೆ ಎರಡನೇ ಸಲ ಬಡಿಸಿಕೊಂಡೆ. ಅಲ್ಲಿ ಸುರ್ಮಾಯಿ ಎಂದರೆ ನಮ್ಮ ಅಂಜಲ್. ಅದನ್ನು ರವೆ ಹಚ್ಚದೆ ಬರಿಯ ಅರಿಶಿನ, ಉಪ್ಪು ಹಚ್ಚಿ ಕಾಯಿಸಿಕೊಡಲು ಕೇಳಿ, ತಾಜಾ ಹೌದೋ ಅಲ್ಲವೋ ಕೂಡಲೇ ಗೊತ್ತಾಗುತ್ತದೆ.

ಲಾಬ್‌ಸ್ಟರ್ ತಿನ್ನಲೇಬೇಕೆಂದಿದ್ದರೆ ಬೇಯಿಸುವ ಮೊದಲು ನಿಮ್ಮೆದುರಿಗೇ ತೂಗಿಸಿ, ಕಿಲೋಗೆ ಎಷ್ಟು, ಮಸಾಲೆ ಮತ್ತು ತಯಾರಿಕೆಗೆ ಬೇರೆ ಹಣವೇ ಎಂದು ಕೇಳಿ, ಒಟ್ಟು ಮೊತ್ತವನ್ನು ಬರೆಸಿಕೊಳ್ಳಿ. ಅದರ ತೂಕದಲ್ಲಿ ಬಹುಪಾಲು ಓಡು ಮತ್ತು ತಲೆ. ಹೊಟ್ಟೆಯಡಿ ಮೊಟ್ಟೆ ಅಂಟಿಕೊಂಡದ್ದನ್ನು ತೋರಿಸಿದರೆ ಬೇಡವೆಂದು ಎದ್ದು ಬನ್ನಿ. ಅದೇ ಹಣಕ್ಕೆ ನಾಲ್ಕು ಮಂದಿ ಎರಡು ದಿನ ಏಡಿಯ ಸಾರು ಉಣ್ಣಬಹುದು ಎಂಬುದು ನನ್ನ ಲೆಕ್ಕ, ಕುಂದಾಪುರದವನ ಪಕ್ಷಪಾತ ಇದ್ದರೂ ಇರಬಹುದು. ಇಂಥ ಹೊಸ ಪ್ರಯೋಗಗಳನ್ನು ಹಡಗು ಹತ್ತುವ ದಿನದ ಬೆಳಿಗ್ಗೆ ಮಾಡಬೇಡಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ಪ್ರಯಾಣದ ವಾಂತಿ ತಡೆಯುವ ಅವೊಮಿನ್ ಮಾತ್ರೆ ತೆಗೆದುಕೊಳ್ಳುವವರು ಹಡಗು ಅಲುಗಾಡತೊಡಗಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಮಕ್ಕಳಿಗಾದರೆ ವೈದ್ಯರನ್ನು ಕೇಳಿ. ನೀರಿಗೆ ಬೆರೆಸಿ ಕುಡಿಯುವ ಎಲೆಕ್ಟ್ರಾಲ್ (ಓಆರ್‌ಎಸ್) ಪುಡಿ ಇರಲಿ, ಹಣ್ಣಿನ ಬಣ್ಣದ ಸಿಹಿನೀರಿನ ಬಾಟಲಿಗಳನ್ನು ಅದಕ್ಕೆ ಬದಲಿ ಎಂದು ತಿಳಿಯಬೇಡಿ. ಚಿಲ್ಲರೆ ನಗದೂ ಇರಲಿ. 2020ರಲ್ಲಿ ಚೆನ್ನೈಯಿಂದ ಸುಮಾರು 2,300 ಕಿ.ಮೀ. ಉದ್ದದ ಕೇಬಲ್ ಸಮುದ್ರದಡಿ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ, ಆದರೂ ಸಣ್ಣ ಹೋಟೆಲಿನಲ್ಲಿ ಕೈತೊಳೆದು ಬಂದ ಮೇಲೆ ಹಣ ಕಟ್ಟಲು ಹೋದಾಗ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದ್ದರೆ ಪೇಚಾಟ.

ನೀವು ಬುಧವಾರದವರೆಗೆ ಶಹೀದ್ ದ್ವೀಪದಲ್ಲೇ ಇರುತ್ತೀರಿ ಎಂದು ಬರೆದಿದ್ದೀರಿ, ಆದ್ದರಿಂದ ಸಮಯ ಇದೆ. ನಾಳೆ ಬಿಸಿಲೇರುವ ಮೊದಲು, ನೀರು ಇಳಿಯುವ ಹೊತ್ತನ್ನು ಹೋಟೆಲಿನವರಲ್ಲಿ ಕೇಳಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೆಕ್ಕಿದ ತೀರಕ್ಕೇ ಹೋಗಿ. ಹವಳದ ತುಂಡುಗಳನ್ನು ಅಲೆ ಬರುವ ಗೆರೆಯ ಒಳಗೆ ಇಡಿ. ಚಿಪ್ಪುಗಳನ್ನು ದೂರದಿಂದ ಎಸೆಯಬೇಡಿ, ಮರದ ನೆರಳಿರುವ ಒದ್ದೆ ಮರಳಿನ ಮೇಲೆ ಒಂದೊಂದಾಗಿ ಬಾಯಿ ಕೆಳಗೆ ಮಾಡಿ ಇಟ್ಟು, ಹತ್ತು ನಿಮಿಷ ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ನಿಮ್ಮ ಚಿತ್ರದಲ್ಲಿ ಎರಡನೇ ಸಾಲಿನ ಕಂದು ಚಿಪ್ಪಿನ ಬಾಯಲ್ಲಿ ನನಗೆ ಒಂದು ಕಾಲು ಕಂಡಂತಾಯಿತು.